ಕಿಶನ್‌ಗಢದ ಬಾಯ್ಲರ್, ಹೆಬ್ಬಾಳದ ಗಿರಿರಾಜ

ವಸಂತ್ ಕುಂಜ್‌ಗೆ ಅಂಟಿಕೊಂಡಿರುವ ಕಿಶನ್‌ಗಢದ ಗಲ್ಲಿಗಳಲ್ಲಿ ಮಾರುವ ಬಿಳಿ ಬಾಯ್ಲರ್ ಕೋಳಿಯನ್ನು ಜನ ಪರದೇಶದ್ದು ಎಂದೇ ತಿಳಿದಿದ್ದಾರೆ. ತಳಿಯ ಹೆಸರು ಪರದೇಶದ್ದು, ಅದನ್ನು ರೂಪಿಸಿದ ಕಂಪನಿಗಳೂ ಪರದೇಶದವು. ಆದರೆ ಆ ಕೋಳಿಯ ಎದೆಯ ಅಗಲ ಬಂದದ್ದು ನಮ್ಮ ಕಾಳಗದ ಹುಂಜದಿಂದ. ಅದರ ಕಾಲಿನ ಹಳದಿ ಬಂದದ್ದು ನಮ್ಮ ಕಾಡಿನ ಕೋಳಿಯಿಂದ. ಈ ದೇಶದಿಂದ ಹೊರಟ ರಕ್ತ ಇಂಗ್ಲೆಂಡು, ಅಮೆರಿಕ ಸುತ್ತಿ ಬಿಳಿ ಗರಿ ತೊಟ್ಟು ಮರಳಿ ಬಂದಿದೆ.

ನಾನು ಪಶುವೈದ್ಯೆ. ಮಾಗಡಿ ಸೀಮೆಯ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೇಂದ್ರ ಸರ್ಕಾರದ ನೌಕರಿ ಹಿಡಿದು ದೆಹಲಿಗೆ ಬಂದವಳು. ನಿವೃತ್ತಿಯಾದ ಮೇಲೂ ವಸಂತ್ ಕುಂಜ್‌ನ ಡಿಡಿಎ ಫ್ಲಾಟಿನಲ್ಲೇ ಉಳಿದಿದ್ದೇನೆ. ಕಿಶನ್‌ಗಢದ ಅಂಗಡಿಯ ಹುಡುಗ ನನ್ನನ್ನು ಡಾಕ್ಟರ್ ಆಂಟಿ ಎಂದು ಕರೆಯುತ್ತಾನೆ. ಪಂಜರದಿಂದ ಒಂದು ಕೋಳಿ ತೆಗೆದು ಕೈಗೆ ಕೊಡು ಎಂದರೆ ಬೇಸರಿಸದೆ ಕೊಡುತ್ತಾನೆ. ಎರಡು ಕಿಲೋ ತೂಗುವ ಹಕ್ಕಿ. ಎದೆಯ ಮೂಳೆಯ ಎರಡೂ ಕಡೆ ಮಾಂಸ ಉಬ್ಬಿ ಮೂಳೆಯೇ ಕೈಗೆ ಸಿಗುವುದಿಲ್ಲ. ಕಾಲುಗಳು ದೂರ ದೂರ. ಜುಟ್ಟು ಇನ್ನೂ ತೆಳು, ಬಣ್ಣ ಏರಿಲ್ಲ. ಬಾಯಿ ಬಿಟ್ಟರೆ ಕೇಳುವುದು ಮರಿಯ ದನಿ, ಪಿಯ್ ಪಿಯ್ ಎಂದು. ಸುಮಾರು ಮೂವತ್ತೈದು ದಿನದ ಕೂಸು ಅದು. ನಮ್ಮೂರಿನ ನಾಟಿ ಮರಿ ಆ ವಯಸ್ಸಿನಲ್ಲಿ ತಾಯಿಯ ಹಿಂದೆ ತಿಪ್ಪೆ ಕೆದರುತ್ತಿರುತ್ತದೆ, ಅಂಗೈ ತುಂಬುವಷ್ಟೇ ಇರುತ್ತದೆ.

ಈ ಅಂತರ ಎಲ್ಲಿಂದ ಬಂತು ಎಂದು ತಿಳಿಯಲು ಮೊದಲು ಅಸೀಲ್ ಕೋಳಿಯನ್ನು ನೋಡಬೇಕು. ಆಂಧ್ರ, ಛತ್ತೀಸಗಢ, ಒಡಿಶಾಗಳಲ್ಲಿ ಕಾಳಗಕ್ಕಾಗಿ ತಲೆಮಾರುಗಳಿಂದ ಸಾಕಿದ ತಳಿ ಅದು. ನೆಟ್ಟನೆಯ ನಿಲುವು, ಉದ್ದ ಕತ್ತು, ಗಟ್ಟಿ ಮೂಳೆ, ಅಗಲ ಎದೆ, ಮೈಗೆ ಒತ್ತಿಕೊಂಡ ಕಡಿಮೆ ಗರಿ. ತುಳುನಾಡಿನ ಕೋಳಿ ಅಂಕ ನೋಡಿದವರಿಗೆ ಇಂಥ ಹುಂಜದ ಬೆಲೆ ಗೊತ್ತು. ಕಾಳಗದಲ್ಲಿ ಸೋತ ಹುಂಜ ಸಾರಿಗೆ ಹೋಗುತ್ತಿತ್ತು, ಗೆದ್ದದ್ದನ್ನು ಹ್ಯಾಟೆಗಳ ಜತೆ ಬಿಡುತ್ತಿದ್ದರು. ಹೀಗೆ ಆಯ್ದು ಆಯ್ದು, ಯಾವ ಪುಸ್ತಕವೂ ಇಲ್ಲದೆ, ನಮ್ಮ ಜನ ಸ್ನಾಯು ತುಂಬಿದ ಒಂದು ಹಕ್ಕಿಯನ್ನು ಕಟ್ಟಿದ್ದರು.

19ನೆಯ ಶತಮಾನದಲ್ಲಿ ಬ್ರಿಟಿಷರು ಈ ಹುಂಜಗಳನ್ನು ಹಡಗಿನಲ್ಲಿ ಒಯ್ದರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಅಲ್ಲಿನ ಕಾಳಗದ ಕೋಳಿಗಳೊಂದಿಗೆ ಅವುಗಳನ್ನು ಬೆರೆಸಿದರು. ಹುಟ್ಟಿದ ತಳಿಗೆ ಅಲ್ಲಿನವರು ಇಂಡಿಯನ್ ಗೇಮ್ ಎಂದೇ ಹೆಸರಿಟ್ಟರು. 1835ರಲ್ಲಿ ಇಂಗ್ಲೆಂಡಿನಲ್ಲಿ ಕೋಳಿ ಕಾಳಗಕ್ಕೆ ಕಾನೂನು ತಡೆ ಬಿತ್ತು. ಕಾಳಗದ ಅಂಗಳದಿಂದ ಹೊರಬಿದ್ದ ಈ ಕೋಳಿ ಅಡುಗೆಮನೆಯವರ ಕಣ್ಣಿಗೆ ಬಿತ್ತು. ಎದೆಯ ಮಾಂಸ ಇಷ್ಟು ತುಂಬಿದ ಕೋಳಿ ಅಲ್ಲಿ ಅಪರೂಪ. ಅಮೆರಿಕಕ್ಕೆ ಹೋದಾಗ ಅದರ ಹೆಸರು ಕಾರ್ನಿಷ್ ಎಂದಾಯಿತು, ಇಂಡಿಯನ್ ಎಂಬ ಗುರುತು ಅಳಿಸಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಎ ಅಂಡ್ ಪಿ ಎಂಬ ದಿನಸಿ ಅಂಗಡಿಗಳ ಸಂಸ್ಥೆ ಅಲ್ಲಿನ ಕೃಷಿ ಇಲಾಖೆಯ ಜತೆಗೂಡಿ 'ನಾಳೆಯ ಕೋಳಿ' ಎಂಬ ಸ್ಪರ್ಧೆ ನಡೆಸಿತು. ಆ ತನಕ ಅಲ್ಲಿಯೂ ಕೋಳಿ ಎಂದರೆ ಮುಖ್ಯವಾಗಿ ಮೊಟ್ಟೆಗೆ, ಮಾಂಸ ಅದರ ಹಿಂದಿನ ಲಾಭ. 1948ರ ಅಂತಿಮ ಸುತ್ತಿಗೆ ದೇಶದ ಮೂಲೆಮೂಲೆಯಿಂದ ಸಾಕಣೆಗಾರರು ಮೊಟ್ಟೆ ಕಳಿಸಿದರು. ಎಲ್ಲ ಮರಿಗಳನ್ನೂ ಒಂದೇ ಮೇವಿನಲ್ಲಿ ಬೆಳೆಸಿ ತೂಗಿದರು. ಗೆದ್ದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್. ಅವರ ಕೋಳಿ ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಮಿಶ್ರಣ. 1951ರಲ್ಲೂ ಅವರೇ ಗೆದ್ದರು. ಅಂದಿನಿಂದ ಇಂದಿನ ತನಕ ಬಾಯ್ಲರ್‌ನ ತಂದೆ ಕಡೆಯ ವಂಶದಲ್ಲಿ ಕಾರ್ನಿಷ್ ರಕ್ತ, ಅಂದರೆ ಅಸೀಲ್ ರಕ್ತ, ಹರಿಯುತ್ತಿದೆ.

ಇನ್ನು ಹಳದಿ ಕಾಲು. ಸಾಕು ಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನ ಎಂದು ಡಾರ್ವಿನ್ ಹೇಳಿದ್ದರು. ಬಹುಮಟ್ಟಿಗೆ ಅದು ನಿಜ. ಆದರೆ ಕೆಂಪು ಕಾಡುಕೋಳಿಯ ಚರ್ಮ ಹಳದಿಯಲ್ಲ. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ಹಳದಿ ಚರ್ಮದ ವಂಶವಾಹಿಯ ಮೂಲ ಹುಡುಕಿದಾಗ ಅದು ಬೂದು ಕಾಡುಕೋಳಿಯದೆಂದು ತಿಳಿಯಿತು. ನಾಗರಹೊಳೆ, ಬಂಡೀಪುರ, ಕೊಡಗಿನ ಕಾಡು ಸುತ್ತಿದ ಕನ್ನಡಿಗರಿಗೆ ಆ ಹಕ್ಕಿ ಹೊಸದಲ್ಲ. ಕತ್ತಿನ ಗರಿಗಳ ಮೇಲೆ ಮೇಣ ತೊಟ್ಟಿಕ್ಕಿಸಿದಂಥ ಚುಕ್ಕೆಗಳಿರುವ, ಬೆಳಗಿನ ಜಾವ ರಸ್ತೆಯ ಅಂಚಿಗೆ ಬಂದು ನಿಲ್ಲುವ ನಮ್ಮ ಕಾಡುಕೋಳಿ. ಇದರಿಂದ ಬಂದ ವಂಶವಾಹಿ ಎರಡೂ ಕಡೆಯಿಂದ ಸೇರಿದರೆ, ಮೆಕ್ಕೆಜೋಳ ಮತ್ತು ಸೊಪ್ಪಿನಲ್ಲಿರುವ ಹಳದಿ ಬಣ್ಣ ಚರ್ಮದಲ್ಲಿ ಒಡೆಯದೆ ಉಳಿಯುತ್ತದೆ. ದೆಹಲಿಯಲ್ಲಿ ಚರ್ಮ ಸುಲಿದು ಮಾರುವುದರಿಂದ ಈ ಬಣ್ಣ ಕಾಣುವುದು ಕಾಲಿನಲ್ಲಿ ಮಾತ್ರ. ನಮ್ಮ ಕಡೆ ಪುಕ್ಕ ತರಿದು, ಉರಿಯ ಮೇಲೆ ಸುಟ್ಟು, ಅರಿಸಿನ ಹಚ್ಚಿ ಚರ್ಮ ಸಮೇತ ಸಾರು ಮಾಡುವವರಿಗೆ ಮೈಯೆಲ್ಲ ಕಾಣುತ್ತದೆ.

ಎದೆ ಮತ್ತು ಬಣ್ಣದ ಕತೆ ಸರಳ. ಬೆಳವಣಿಗೆಯ ಕತೆ ಅಷ್ಟು ಸರಳವಲ್ಲ. 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್, ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತೋರಿಸಿದ್ದು ಕೋಳಿಯ ಜುಟ್ಟಿನ ಮೂಲಕವೇ. ಜುಟ್ಟಿನ ಆಕಾರವನ್ನು ಒಂದೆರಡು ವಂಶವಾಹಿಗಳು ತೀರ್ಮಾನಿಸುತ್ತವೆ. ಮೈಯ ತೂಕ ಹಾಗಲ್ಲ. ಅದು ಕೂಡು ಕುಟುಂಬದ ದುಡಿಮೆಯ ಹಾಗೆ: ನೂರಾರು ವಂಶವಾಹಿಗಳು ಸ್ವಲ್ಪ ಸ್ವಲ್ಪ ಕೂಡಿಸುತ್ತವೆ, ಯಾವುದೊಂದೂ ತಾನೇ ಯಜಮಾನ ಎನ್ನುವಂತಿಲ್ಲ. 1957ರಲ್ಲಿ ವರ್ಜೀನಿಯಾದ ಪಾಲ್ ಸೀಗೆಲ್ ಒಂದೇ ಮಂದೆಯಿಂದ ಎರಡು ವಂಶ ಬೇರ್ಪಡಿಸಿದರು. 56ನೆಯ ದಿನ ಹೆಚ್ಚು ತೂಗಿದವುಗಳನ್ನು ಒಂದು ಕಡೆ, ಕಡಿಮೆ ತೂಗಿದವುಗಳನ್ನು ಇನ್ನೊಂದು ಕಡೆ ಆಯುತ್ತಾ ಹೋದರು. ಸುಮಾರು ಐವತ್ತು ತಲೆಮಾರು ಕಳೆದಾಗ ಎರಡು ವಂಶಗಳ ನಡುವೆ ತೂಕದಲ್ಲಿ ಹತ್ತು ಪಟ್ಟಿಗೂ ಮಿಕ್ಕಿದ ಅಂತರ ಬಂದಿತ್ತು. ಹೊರಗಿನ ರಕ್ತ ಒಂದು ಹನಿಯೂ ಸೇರಿರಲಿಲ್ಲ. ಭಾರದ ವಂಶದ ಕೋಳಿಗಳು ತಿಂದದ್ದು ಸಾಲದೆನ್ನುತ್ತಿದ್ದವು, ಹಗುರ ವಂಶದ ಕೆಲವು ಮರಿಗಳಿಗೆ ತಿನ್ನುವ ಇಚ್ಛೆಯೇ ಇರಲಿಲ್ಲ. ಬೆಳವಣಿಗೆಯನ್ನು ಆಯುವಾಗ ನಾವು ಬಹುಪಾಲು ಹಸಿವನ್ನೇ ಆಯುತ್ತೇವೆ ಎಂದು ಆ ಪ್ರಯೋಗ ತೋರಿಸಿತು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ಕೋಳಿ ವಂಶಗಳನ್ನು ಒಟ್ಟಿಗೆ, ಒಂದೇ ಮೇವು ಹಾಕಿ ಬೆಳೆಸಿದರು. 56 ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಬಾಯ್ಲರ್‌ಗೆ ಇಂಜೆಕ್ಷನ್ ಕೊಟ್ಟು ಊದಿಸುತ್ತಾರೆ ಎಂದು ವಸಂತ್ ಕುಂಜ್‌ನ ನನ್ನ ನೆರೆಹೊರೆಯವರು ನಂಬಿಕೊಂಡಿದ್ದಾರೆ. ಅವರಿಗೆ ನಾನು ಈ ಮೂರು ಅಂಕಿಗಳನ್ನು ಹೇಳುತ್ತೇನೆ. ಊದಿಸಿದ್ದು ಸೂಜಿಯಲ್ಲ, ಅರ್ಧ ಶತಮಾನದ ಆಯ್ಕೆ.

ಹಾಗಿದ್ದರೆ ಮಿಶ್ರ ತಳಿ ಯಾಕೆ ಬೇಕು? ಒಂದೇ ಶುದ್ಧ ವಂಶವನ್ನು ಬೆಳೆಸುತ್ತಾ ಹೋದರೆ ಸಾಲದೇ? ಸಾಲದು. ಮೈ ಬೆಳೆದಷ್ಟೂ ಮೊಟ್ಟೆ ಇಳಿಯುತ್ತದೆ. ತೂಕದ ಹ್ಯಾಟೆ ಮೊಟ್ಟೆ ಇಡದಿದ್ದರೆ ಮರಿ ಎಲ್ಲಿಂದ ಬರಬೇಕು? ಆದ್ದರಿಂದ ತಂದೆಯ ವಂಶವನ್ನು ಮಾಂಸಕ್ಕೆ, ತಾಯಿಯ ವಂಶವನ್ನು ಮೊಟ್ಟೆಗೆ ಎಂದು ಬೇರೆ ಬೇರೆ ಆಯ್ದು, ಕೊನೆಗೆ ಕೂಡಿಸುತ್ತಾರೆ. ಮರಿಯ ತೂಕ ಹೆಚ್ಚುಕಡಿಮೆ ತಂದೆತಾಯಿಯ ನಡುವಿನದು, ಕೊಂಚ ಮೇಲೆ. ಬೆರಕೆಯ ನಿಜವಾದ ಕಸುವು ಕಾಣುವುದು ಬದುಕಿ ಉಳಿಯುವುದರಲ್ಲಿ ಮತ್ತು ಮೊಟ್ಟೆ ಮರಿಯಾಗುವುದರಲ್ಲಿ.

ಇದರಲ್ಲಿ ಒಂದು ಜಾಣ್ಮೆಯನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ಮೆಚ್ಚಿದ್ದೇನೆ. ಕೋಳಿಗಳಲ್ಲಿ ಒಂದು ಗಿಡ್ಡ ವಂಶವಾಹಿ ಇದೆ. 1959ರಲ್ಲಿ ಅಮೆರಿಕದ ಎಫ್. ಬಿ. ಹಟ್ ಅದನ್ನು ವಿವರಿಸಿದರು. ಬೆಳವಣಿಗೆಯ ಹಾರ್ಮೋನು ರಕ್ತದಲ್ಲಿ ಇದ್ದರೂ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಕೆಟ್ಟಿರುತ್ತದೆ, ಮೈ ಗಿಡ್ಡವಾಗುತ್ತದೆ. ಈ ವಂಶವಾಹಿ ಇರುವುದು ಝಡ್ ಎಂಬ ಲಿಂಗ ವರ್ಣತಂತುವಿನ ಮೇಲೆ. ಮನುಷ್ಯರಿಗೆ ವಿರುದ್ಧವಾಗಿ ಕೋಳಿಯಲ್ಲಿ ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದೇ. ಗಿಡ್ಡ ಹ್ಯಾಟೆಗೆ ಸಾಮಾನ್ಯ ಹುಂಜ ಕೂಡಿಸಿದರೆ ಹೆಣ್ಣು ಮರಿಗಳು ತಮ್ಮ ಒಂದೇ ಝಡ್ ಅನ್ನು ತಂದೆಯಿಂದ ಪಡೆದು ಪೂರ್ತಿ ಬೆಳೆಯುತ್ತವೆ, ಗಂಡು ಮರಿಗಳೂ ಬಹುತೇಕ ಬೆಳೆಯುತ್ತವೆ. ತಾಯಿ ಮಾತ್ರ ಸಣ್ಣದಾಗಿದ್ದು ಕಡಿಮೆ ತಿನ್ನುತ್ತದೆ. ಫ್ರಾನ್ಸಿನ ಸಂಶೋಧಕರು ಇದನ್ನೇ ಬಳಸಿ ವೆಡೆಟ್ ಎಂಬ ಗಿಡ್ಡ ತಾಯಿ ವಂಶವನ್ನು ತಂದರು.

ಕರ್ನಾಟಕದ ಪಾಲು ಇಲ್ಲಿಂದ ಶುರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಹುಟ್ಟಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದಾಗ ಅದರ ಮಡಿಲು ಸೇರಿತು. ದೇಶದ ಕೋಳಿ ತಳಿ ಅಭಿವೃದ್ಧಿಗೆಂದು 1970ರ ದಶಕದ ಆರಂಭದಲ್ಲಿ ಅಖಿಲ ಭಾರತ ಸಮನ್ವಿತ ಯೋಜನೆ ಬಂದಾಗ ಬೆಂಗಳೂರು ಮಾಂಸದ ಕೋಳಿಯ ಕೇಂದ್ರಗಳಲ್ಲಿ ಒಂದಾಯಿತು. ಅಲ್ಲಿನ ಕೋಳಿ ಮನೆಗಳ ಕೆಲಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮರಿ ಹುಟ್ಟಿದ ದಿನವೇ ರೆಕ್ಕೆಗೆ ನಂಬರಿನ ತಗಡಿನ ಬ್ಯಾಂಡ್. ಮೊಟ್ಟೆ ಇಡುವ ಗೂಡುಗಳಿಗೆ ತಾನಾಗಿ ಬೀಳುವ ಬಾಗಿಲು, ಅದೇ ಟ್ರ್ಯಾಪ್ ನೆಸ್ಟ್. ಹ್ಯಾಟೆ ಒಳಗೆ ಹೋದೊಡನೆ ಬಾಗಿಲು ಬೀಳುತ್ತದೆ. ಕೆಲಸದವರು ಬಂದು ಬಾಗಿಲು ಎತ್ತಿ, ಹ್ಯಾಟೆಯ ನಂಬರ್ ಓದಿ, ಬಿಸಿ ಆರದ ಮೊಟ್ಟೆಯ ಮೇಲೆ ಅದನ್ನು ಪೆನ್ಸಿಲ್‌ನಲ್ಲಿ ಬರೆದು, ಹಕ್ಕಿಯನ್ನು ಹೊರಗೆ ಬಿಡುತ್ತಾರೆ. ದಿನಕ್ಕೆ ಹಲವು ಸುತ್ತು, ಭಾನುವಾರವೂ, ಹಬ್ಬದ ದಿನವೂ. ಯಾವ ತಾಯಿಯ ಯಾವ ಮೊಟ್ಟೆ, ಯಾವ ತಂದೆಯ ಯಾವ ಮರಿ ಎಂಬುದು ಹಾಗೆ ಲೆಡ್ಜರಿಗೆ ಏರುತ್ತದೆ. ತಳಿ ವಿಜ್ಞಾನ ಎಂದರೆ ಪ್ರಯೋಗಾಲಯದ ಗಾಜಿನ ಕೊಳವೆ ಎಂದುಕೊಂಡವರಿಗೆ ಆ ಪೆನ್ಸಿಲ್ಲಿನ ಗುರುತುಗಳನ್ನು ತೋರಿಸಬೇಕು.

ಆ ಲೆಡ್ಜರುಗಳಿಂದ 1980ರ ದಶಕದ ಕೊನೆಯ ಹೊತ್ತಿಗೆ ಗಿರಿರಾಜ ಎಂಬ ಮಿಶ್ರ ತಳಿ ಹೊರಬಂತು. ಉದ್ದೇಶ ಸ್ಪಷ್ಟವಿತ್ತು. ಬಾಯ್ಲರ್‌ಗೆ ಶೆಡ್ಡು, ಕರೆಂಟು, ಚೀಲದ ಮೇವು ಬೇಕು. ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕುವ ಹೆಂಗಸಿಗೆ ಅವು ಒದಗುವುದಿಲ್ಲ. ತಿಪ್ಪೆ ಕೆದರಿ, ಗೆದ್ದಲು ಹೆಕ್ಕಿ, ಚೆಲ್ಲಿದ ರಾಗಿ ತಿಂದು ಬೆಳೆಯುವ, ಆದರೆ ನಾಟಿಗಿಂತ ಬೇಗ ತೂಗುವ ಕೋಳಿ ಬೇಕಿತ್ತು. ಗರಿಗೆ ಬಣ್ಣವೂ ಬೇಕಿತ್ತು. ಬಿಳಿ ಕೋಳಿ ಬಯಲಲ್ಲಿ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ, ಸಂತೆಯಲ್ಲಿ ಬಿಳಿ ಕೋಳಿಗೆ ನಾಟಿಯ ರೇಟೂ ಸಿಗುವುದಿಲ್ಲ. ಗಿರಿರಾಜದ ಹ್ಯಾಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತಿತ್ತು, ನಾಟಿಯ ಎರಡು ಪಟ್ಟಿಗೂ ಹೆಚ್ಚು.

ನಮ್ಮ ಅವ್ವನ ಹಿತ್ತಿಲಿಗೂ ಗಿರಿರಾಜ ಬಂತು. ಹುಂಜ ಬೆಳೆದು ನಿಂತಾಗ ನೆರೆಯವರು ನೋಡಲು ಬಂದರು. ಆದರೆ ಒಂದು ಕೊರತೆ ಅವ್ವನಿಗೆ ಬೇಗ ತಿಳಿಯಿತು. ಗಿರಿರಾಜದ ಹ್ಯಾಟೆ ಕಾವು ಕೂರುವುದಿಲ್ಲ. ಕಾವು ಕೂತ ದಿನಗಳಲ್ಲಿ ಕೋಳಿ ಮೊಟ್ಟೆ ಇಡದು, ಆದ್ದರಿಂದ ಮೊಟ್ಟೆಗೆಂದು ಆಯ್ದ ವಂಶಗಳಲ್ಲಿ ಆ ಗುಣ ಅಳಿಯುತ್ತದೆ. ಅವ್ವ ಬಿದಿರಿನ ಮಂಕರಿಗೆ ಬೂದಿ ಹರಡಿ, ಮೇಲೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಚೂರೊಂದನ್ನು ಇಟ್ಟು, ಗಿರಿರಾಜದ ಮೊಟ್ಟೆಗಳಿಗೆ ಇದ್ದಿಲಲ್ಲಿ ಗುರುತು ಹಾಕಿ, ನಾಟಿ ಹ್ಯಾಟೆಯನ್ನು ಅವುಗಳ ಮೇಲೆ ಕೂರಿಸುತ್ತಿದ್ದಳು. ಇಪ್ಪತ್ತೊಂದನೆಯ ದಿನ ಮರಿ ಒಡೆದು ಬರುತ್ತಿದ್ದವು.

"ಮೊಟ್ಟೆ ಇಕ್ಕೋಕೆ ಒಂದು, ಕಾವು ಕೂರೋಕೆ ಇನ್ನೊಂದು. ಎರಡೂ ಇರಬೇಕು ಕಣವ್ವ. ನಿಮ್ಮ ಕಾಲೇಜಿನೋರು ನಾಟೀನ ಬ್ಯಾಡ ಅನ್ನಕ್ಕಾಗಲ್ಲ" ಎಂದು ನನಗೆ ಹೇಳಿದ್ದಳು.

ಎರಡನೆಯ ತೊಡಕು ಇನ್ನೂ ಆಳದ್ದು. ಆ ಮರಿಗಳು ಬೆಳೆದಾಗ ಒಂದು ತಂದೆಯಷ್ಟು ದೊಡ್ಡದು, ಒಂದು ನಾಟಿಯಷ್ಟೇ, ಉಳಿದವು ನಡುವೆ ಎಲ್ಲೋ. ಗಿರಿರಾಜದಂಥ ಬೆರಕೆಯ ಮೊದಲ ತಲೆಮಾರಿನಲ್ಲಿ ಎಲ್ಲ ಮರಿಗೂ ಎರಡೂ ವಂಶದ ಪಾಲು ಸಮನಾಗಿ ಸಿಕ್ಕಿರುತ್ತದೆ. ಅವುಗಳೊಳಗೇ ಮತ್ತೆ ಕೂಡಿಸಿದರೆ ಪಾಲು ಕಲೆತು ಒಡೆದು ಪ್ರತಿ ಮರಿಗೂ ಬೇರೆ ಬೇರೆಯಾಗಿ ಬೀಳುತ್ತದೆ. ಭತ್ತದ ಬೀಜ ಕಟ್ಟಿಟ್ಟು ಬಿತ್ತಿ ಬೆಳೆದ ಜನಕ್ಕೆ ಇದು ಅನ್ಯಾಯವೆಂದೇ ತೋರುತ್ತಿತ್ತು: ಒಳ್ಳೆಯ ಕೋಳಿ ಕೊಟ್ಟಿರಿ, ಅದರ ಮಕ್ಕಳು ಯಾಕೆ ಹಾಗಿಲ್ಲ? ರೈತ ಮತ್ತೆ ಮತ್ತೆ ಹೆಬ್ಬಾಳಕ್ಕೋ ಹತ್ತಿರದ ಹ್ಯಾಚರಿಗೋ ಹೋಗಿ ಮರಿ ತರಬೇಕಾಯಿತು. ತಂದೆ ವಂಶ, ತಾಯಿ ವಂಶ ಎರಡನ್ನೂ ಬೇರೆ ಬೇರೆಯಾಗಿ ಕಾಪಾಡುವ ಸಂಸ್ಥೆ ಬದುಕಿರುವ ತನಕ ಮಾತ್ರ ಗಿರಿರಾಜ ಬದುಕಿರುತ್ತದೆ.

ಪಶುವೈದ್ಯಕೀಯ ವಿಭಾಗ ಬೀದರ್‌ನಲ್ಲಿ ನೆಲೆ ಮಾಡಿದ ಹೊಸ ವಿಶ್ವವಿದ್ಯಾಲಯದ ಪಾಲಾದ ಮೇಲೆ, 2005ರಲ್ಲಿ, ಹೆಬ್ಬಾಳದಿಂದ ಸ್ವರ್ಣಧಾರ ಎಂಬ ತಳಿ ಬಂತು. ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ತೂಕ ಇಳಿಸಿದ ವಿವೇಕ. ಗಿರಿರಾಜದ ಹುಂಜ ನಾಲ್ಕೈದು ಕಿಲೋ ಬೆಳೆದು ಓಡಲಾರದೆ ಕಾಡುಬೆಕ್ಕಿಗೂ ನರಿಗೂ ಸಿಗುತ್ತಿತ್ತು. ಸ್ವರ್ಣಧಾರ ಹಗುರ, ಚುರುಕು, ಮೊಟ್ಟೆ ವರ್ಷಕ್ಕೆ 180ರಿಂದ 190. ಜಗತ್ತಿನ ಕಂಪನಿಗಳು ಗ್ರಾಂ ಗ್ರಾಂ ಏರಿಸುತ್ತಿದ್ದಾಗ ಹೆಬ್ಬಾಳದವರು ಹಿತ್ತಿಲಿಗೆ ಎಷ್ಟು ಬೆಳವಣಿಗೆ ಸಾಕು ಎಂದು ಕೇಳಿಕೊಂಡರು. ಹೆಬ್ಬಾಳದ ಹೊರಗೂ ಹಿತ್ತಿಲಿನ ತಳಿಗಳು ಬಂದವು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜದಲ್ಲಿ ತಂದೆಯ ವಂಶ ಕೆಂಪು ಕಾರ್ನಿಷ್‌ನಿಂದ ಬಂದದ್ದು. ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯವರು ಅಸೀಲ್ ಹುಂಜವನ್ನೇ ನೇರವಾಗಿ ಬಳಸಿ ನಿರ್ಭೀಕ್ ಎಂಬ ತಳಿ ಮಾಡಿದರು.

ದೆಹಲಿಯ ಬಿಸಿಲಿನಲ್ಲಿ ಕೂತು ಬರೆಯುವ ನನಗೆ ಇನ್ನೊಂದು ವಂಶವಾಹಿಯ ಮಾತು ಬಿಡುವಂತಿಲ್ಲ. ಕತ್ತಿನ ಮೇಲೆ ಗರಿಯಿಲ್ಲದ ಬೋಳುಕತ್ತಿನ ಕೋಳಿಯನ್ನು ನಮ್ಮ ಹಳ್ಳಿಗಳಲ್ಲಿ ಕುರೂಪಿ ಎಂದು ಮೂಲೆಗೆ ತಳ್ಳುತ್ತಿದ್ದರು. ಆ ಗುಣ ಒಂದೇ ವಂಶವಾಹಿಯದು. ಮೈಯ ಒಟ್ಟು ಗರಿಯನ್ನೇ ಅದು ತಗ್ಗಿಸುತ್ತದೆ, ಮೈಯ ಕಾವು ಬೇಗ ಹೊರಹೋಗುತ್ತದೆ. ಬೇಗ ಬೆಳೆಯುವ ಕೋಳಿ ಹೆಚ್ಚು ತಿಂದು ಹೆಚ್ಚು ಕಾವು ಹುಟ್ಟಿಸುತ್ತದೆ. ಮೇ ತಿಂಗಳ ದೆಹಲಿಯಲ್ಲೋ ಬಳ್ಳಾರಿಯಲ್ಲೋ ಆ ಕಾವೇ ಅದನ್ನು ಕೊಲ್ಲುತ್ತದೆ. ಅಂಥ ಕಡೆ ಬೋಳುಕತ್ತಿನ ಬೆರಕೆ ಚೆನ್ನಾಗಿ ತಿಂದು ಚೆನ್ನಾಗಿ ಬೆಳೆಯುತ್ತದೆ. ಇಜ್ಜತ್‌ನಗರದವರ ಹಿತ್‌ಕಾರಿ ತಳಿ ಈ ಗುಣವನ್ನೇ ನೆಚ್ಚಿದೆ. ಒಳ್ಳೆಯ ವಂಶವಾಹಿ, ಕೆಟ್ಟ ವಂಶವಾಹಿ ಎಂದು ಎಲ್ಲ ಊರಿಗೂ ಒಂದೇ ತೀರ್ಪು ಕೊಡಲಾಗದು.

ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಸಿಕ್ಕವರು ನನ್ನನ್ನು ಕೇಳುವುದುಂಟು: "ಮೇಡಂ, ಮುದ್ದೆಗೆ ನಾಟಿ ಕೋಳಿ ಇಲ್ಲಿ ಎಲ್ಲಿ ಸಿಗುತ್ತೆ?" ಇಲ್ಲಿನ ಅಂಗಡಿಗಳಲ್ಲಿ ದೇಸಿ ಎಂದು ಮಾರುವ ಕೋಳಿಗಳಲ್ಲಿ ನಾನು ನೋಡಿದ ಬಹಳಷ್ಟು ಬಣ್ಣದ ಗರಿಯ ಮಿಶ್ರ ತಳಿಗಳೇ. ಊರಲ್ಲೂ ಈಗ ಸ್ಥಿತಿ ಬೇರೆಯಲ್ಲ. ನಾಟಿ ಹ್ಯಾಟೆಗಳ ಜತೆ ಗಿರಿರಾಜದ ಹುಂಜ ಬಿಟ್ಟು ಬಿಟ್ಟು, ಕಾವು ಕೂರುವ, ರೋಗ ತಡೆಯುವ, ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯಡಿ ಕರೆಯುವ ನಾಟಿಯ ಸ್ವಂತ ವಂಶ ತೆಳುವಾಗುತ್ತಿದೆ. ಬೆರೆಸಿದ್ದು ತಪ್ಪಲ್ಲ. ಬೆರೆಸುವ ಮೊದಲು ಬೇರೆ ಒಂದು ಗೂಡಿನಲ್ಲಿ ಶುದ್ಧ ನಾಟಿಯನ್ನು ಉಳಿಸಿಕೊಳ್ಳದಿರುವುದು ತಪ್ಪು.

ಇನ್ನೂರು ವರ್ಷದ ಈ ಚರಿತ್ರೆಯಿಂದ ನಾನು ಕಲಿತದ್ದು ಇದು. ಅಸೀಲ್ ಸಾಕಿದ ಹಳ್ಳಿಗರು ಅದನ್ನು ಬೇರೆಯಾಗಿಯೇ ಉಳಿಸಿರದಿದ್ದರೆ ಕಾರ್ನಿಷ್ ಇಲ್ಲ, ಬಾಯ್ಲರ್ ಇಲ್ಲ. ಮಿಶ್ರ ತಳಿಯ ಬಲ ಎರಡು ವಂಶಗಳ ನಡುವಿನ ವ್ಯತ್ಯಾಸದಿಂದ ಬರುತ್ತದೆ. ವ್ಯತ್ಯಾಸ ಅಳಿದ ದಿನ ಬೆರೆಸಲು ಏನೂ ಉಳಿಯುವುದಿಲ್ಲ. ವಸಂತ್ ಕುಂಜ್‌ನಿಂದ ಸ್ವಲ್ಪ ದೂರ ಹೋದರೆ ಗುರುಗ್ರಾಮದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಾಮರ್ಥ್ಯ ಪರೀಕ್ಷಾ ಕೇಂದ್ರವಿದೆ, ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಕೇಂದ್ರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ಇಂಥ ಸಂಸ್ಥೆಗಳ ಕೆಲಸದಲ್ಲಿ ಹೊಸ ತಳಿ ಬಿಡುಗಡೆಯಾದಾಗ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಶುದ್ಧ ವಂಶಗಳನ್ನು ವರ್ಷವರ್ಷವೂ ಮರಿ ಮಾಡಿಸಿ, ಬ್ಯಾಂಡ್ ಕಟ್ಟಿ, ಪೆನ್ಸಿಲ್‌ನಲ್ಲಿ ನಂಬರ್ ಬರೆದು ಕಾಯುವ ಕೆಲಸಕ್ಕೆ ಫೋಟೋ ಇಲ್ಲ, ಆದರೆ ಹಣವೂ ಜನವೂ ಮೊದಲು ಸಿಗಬೇಕಾದದ್ದು ಅದಕ್ಕೆ. ಹಾಗೆಯೇ ಪ್ರತಿ ತಾಲ್ಲೂಕಿನಲ್ಲಿ ನಾಟಿ ಕೋಳಿ ಸಾಕುವ ನಾಲ್ಕಾರು ಹೆಂಗಸರಿಗೆ, ಹೊರಗಿನ ಹುಂಜ ಬಿಡದೆ ತಮ್ಮ ವಂಶ ಕಾಪಾಡಿದ್ದಕ್ಕೆ, ಸರ್ಕಾರ ಕೂಲಿ ಕೊಡಬೇಕು. ಅವರು ಕಾಯುತ್ತಿರುವುದು ಮುಂದಿನ ಎಲ್ಲ ತಳಿಗಳ ಮೂಲಧನವನ್ನು.